ಯಾರ ಕಟ್ಟೆ ಮೇಲೆ ಪಂಚಾಯ್ತಿ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಗಾದೆ. ಆ ಗಾದೆ ಹುಟ್ಟಿದ ಕಾಲದಲ್ಲಿ ಮನೆಯವರೇ ಮೇಸ್ತ್ರಿ ಪಕ್ಕ ನಿಂತು, ಇಟ್ಟಿಗೆ ಎಣಿಸಿ ಮನೆ ಕಟ್ಟಿಸ್ತಿದ್ದರು. ಈಗ ಬೆಂಗಳೂರಲ್ಲಿ ನಮ್ಮಂಥವರ ಮನೆ ಕಟ್ಟೋದು ಬಿಲ್ಡರ್. ನಾವು ಕಟ್ಟೋದು ಇಎಂಐ.

ಸೆಕೆಂಡ್ ಇಯರ್‌ನಲ್ಲಿ ಕೂತು ಈ ತಲೆನೋವು ಯಾಕೆ ಅಂತ ನೀವು ಕೇಳಬಹುದು. ಪ್ಲೇಸ್‌ಮೆಂಟ್ ಆಗಿ ನಾಲ್ಕೈದು ವರ್ಷಕ್ಕೆ ನಮ್ಮಲ್ಲಿ ಎಷ್ಟೋ ಜನ ಹೋಮ್ ಲೋನ್ ಫಾರ್ಮ್ ಮುಂದೆ ಕೂತಿರ್ತೀವಿ. ಕೆಲವರ ಮನೇಲಿ ಅಪ್ಪ ಅಮ್ಮ ಈಗಾಗಲೇ ಕೂತಾಗಿದೆ. ರಾತ್ರಿ ಹಾಸ್ಟೆಲ್‌ನಲ್ಲಿ ಮಾತಿಗೆ ಕೂತರೆ, ಫ್ಲ್ಯಾಟ್ ಕೈಗೆ ಬರದೆ ಬಾಡಿಗೆಯನ್ನೂ ಇಎಂಐಯನ್ನೂ ಒಟ್ಟಿಗೆ ಕಟ್ಟುತ್ತಿರುವ ಮನೆಯ ಕಥೆ ಒಂದಾದರೂ ಬರತ್ತೆ. ಅಂಥ ಮನೇಲಿ ಮೊದಲು ಬಿಗಿಯಾಗೋದು ಏನು ಅಂತ ನಮಗೆ ಗೊತ್ತು. ಹೊಸ ಲ್ಯಾಪ್‌ಟಾಪ್ ಮುಂದಕ್ಕೆ ಹೋಗತ್ತೆ, ತಂಗಿಯ ಕೋಚಿಂಗ್ ನಿಲ್ಲತ್ತೆ, ಅಪ್ಪನ ರಿಟೈರ್‌ಮೆಂಟ್ ದುಡ್ಡು ಕರಗತ್ತೆ.

ಮನೆ ಕೊಳ್ಳೋವಾಗ ಧೈರ್ಯ ಕೊಡೋ ಎರಡು ವಸ್ತು ಇವೆ. ಒಂದು, ಬ್ರೋಷರ್‌ನ ಕೊನೇ ಪುಟದಲ್ಲಿರೋ ಲೋಗೋ. "ನಾವು ಇಂಥ ಸಂಸ್ಥೆಯ ಸದಸ್ಯರು" ಅಂತ. ಇನ್ನೊಂದು, ಕರಾರು ಪತ್ರದ ಕೊನೆಯಲ್ಲಿ ಬರೋ ಒಂದು ಕಲಂ. "ವಿವಾದ ಬಂದರೆ ಆರ್ಬಿಟ್ರೇಷನ್ ಮೂಲಕ ಬಗೆಹರಿಸಲಾಗುವುದು" ಅಂತ. ಎರಡೂ ಓದೋಕೆ ಚೆನ್ನಾಗಿರತ್ತೆ. ಮೊದಲನೆಯದು ಯಾರೋ ಕಾವಲಿದ್ದಾರೆ ಅನ್ನತ್ತೆ, ಎರಡನೆಯದು ಕೋರ್ಟು ಕಚೇರಿ ಅಲೆಯೋದು ಬೇಡ ಅನ್ನತ್ತೆ.

ನಮ್ಮ ಅಭಿಪ್ರಾಯ ಇಷ್ಟು. ಲೋಗೋ ನೋಡಿ ನಂಬಬೇಡಿ, ಆರ್ಬಿಟ್ರೇಷನ್ ಅನ್ನೋ ಪದ ನೋಡಿ ಹೆದರಲೂ ಬೇಡಿ. ಜಗಳ ಬಂದಮೇಲೆ ಯಾವ ಬಾಗಿಲು ತಟ್ಟಬೇಕು ಅನ್ನೋ ಆಯ್ಕೆ ಮನೆ ಕೊಂಡವರ ಕೈಯಲ್ಲಿರಬೇಕು. ನಮ್ಮ ದೇಶದ ಕಾನೂನು ಆ ಆಯ್ಕೆಯನ್ನು ಕೊಟ್ಟಿದೆ. ಸಹಿ ಹಾಕೋ ಹೊತ್ತಿಗೆ ಅದು ನಮಗೆ ಗೊತ್ತಿರಲ್ಲ, ತೊಂದರೆ ಅದೇ.

ಕಾವಲಿಗೆ ಅನ್ನ ಹಾಕೋರು ಯಾರು?

ಮೊದಲು ಲೋಗೋ ವಿಷಯ. ಇದಕ್ಕೆ ಅಮೆರಿಕದ ಉದಾಹರಣೆ ಚೆನ್ನಾಗಿದೆ. ಅಲ್ಲಿ ಬೆಟರ್ ಬಿಸಿನೆಸ್ ಬ್ಯೂರೋ ಅಂತ ಒಂದು ಸಂಸ್ಥೆ ಇದೆ. ಅದರ ಬೇರು 1912ರಷ್ಟು ಹಳೇದು. ಹೆಸರು ಕೇಳಿದರೆ ಸರ್ಕಾರಿ ಇಲಾಖೆ ಅನ್ನಿಸತ್ತೆ, ಆದರೆ ಅದು ಖಾಸಗಿ ಸಂಸ್ಥೆ. ಗ್ರಾಹಕರ ದೂರು ತೊಗೊಳ್ಳತ್ತೆ, ಕಂಪನಿಗಳಿಗೆ ಕಳಿಸತ್ತೆ, ರಾಜಿ ಮಾಡಿಸತ್ತೆ, ಆರ್ಬಿಟ್ರೇಷನ್ನೂ ನಡೆಸತ್ತೆ. ಕಂಪನಿಗಳು ಪ್ರತಿ ವರ್ಷ ಶುಲ್ಕ ಕಟ್ಟಿ ಅದರ ಮಾನ್ಯತೆ ಪಡೀತಾವೆ. ಮನೆ ಕಟ್ಟೋ ಬಿಲ್ಡರ್‌ಗಳೂ ಅದರಲ್ಲಿದ್ದಾರೆ.

2009ರಿಂದ ಈ ಬ್ಯೂರೋ ಕಂಪನಿಗಳಿಗೆ ಎ ಪ್ಲಸ್‌ನಿಂದ ಎಫ್‌ವರೆಗೆ ಗ್ರೇಡ್ ಕೊಡೋಕೆ ಶುರು ಮಾಡಿತು. 2010ರಲ್ಲಿ ಎಬಿಸಿ ಟಿವಿಯ ತನಿಖಾ ಕಾರ್ಯಕ್ರಮವೊಂದು ಇದರ ಹುಳುಕು ಬಯಲು ಮಾಡಿತು. ಲಾಸ್ ಏಂಜಲೀಸ್ ಕಡೆಯ ಕೆಲವರು ಹಮಾಸ್ ಹೆಸರಲ್ಲಿ ಒಂದು ಸುಳ್ಳು ಕಂಪನಿಯನ್ನು ನೋಂದಾಯಿಸಿ 425 ಡಾಲರ್ ಕಟ್ಟಿದ್ದರು. ಸಿಕ್ಕಿದ್ದು ಎ ಮೈನಸ್. ಸದಸ್ಯರಾಗಿದ್ದವರಿಗೆ ಹೆಚ್ಚುವರಿ ಅಂಕ ಕೊಡ್ತಿದ್ದ ಪದ್ಧತಿಯನ್ನು ಬ್ಯೂರೋ ಆಮೇಲೆ ಕೈಬಿಟ್ಟಿತು. 2013ರಲ್ಲಿ ಲಾಸ್ ಏಂಜಲೀಸ್ ಶಾಖೆಯನ್ನೇ ಹೊರಗೆ ಹಾಕಿತು.

ಇದರಿಂದ ಬ್ಯೂರೋ ಪೂರ್ತಿ ಮೋಸ ಅಂತ ನಾವು ಹೇಳ್ತಿಲ್ಲ. ದೂರು ಕೊಡೋಕೆ ಅಲ್ಲಿನ ಜನ ಇವತ್ತಿಗೂ ಅದನ್ನು ಬಳಸ್ತಾರೆ, ಕೆಲವು ದೂರುಗಳು ಬಗೆಹರಿಯುತ್ತವೆ. ಆದರೆ ಯಾರ ಮೇಲೆ ಕಣ್ಣಿಡಬೇಕೋ ಅವರ ದುಡ್ಡಿನಲ್ಲೇ ಸಂಬಳ ಬಂದರೆ, ಬೇಲಿ ಹೊಲ ಮೇಯೋಕೆ ತುಂಬಾ ದಿನ ಬೇಕಾಗಲ್ಲ. ನಮಗೆ ಇದು ಗೊತ್ತಿರೋ ವಿಷಯವೇ. ಕಾಲೇಜು ಗೇಟಿನ ಬ್ಯಾನರ್ ಮೇಲಿರೋ ಗ್ರೇಡ್ ನೋಡಿ ಮೆಸ್‌ನ ಸಾಂಬಾರ್ ಹೇಗಿರತ್ತೆ ಅಂತ ಯಾರಿಗಾದ್ರೂ ಗೊತ್ತಾಗಿದ್ಯಾ?

ನಮ್ಮಲ್ಲಿ ಬ್ರೋಷರ್ ಮೇಲೆ ಹೆಚ್ಚಾಗಿ ಕಾಣೋದು ಕ್ರೆಡೈ ಹೆಸರು. 1999ರಲ್ಲಿ ಹುಟ್ಟಿದ, ಬಿಲ್ಡರ್‌ಗಳ ರಾಷ್ಟ್ರಮಟ್ಟದ ಒಕ್ಕೂಟ ಅದು. ಸದಸ್ಯರಿಗೆ ನೀತಿ ಸಂಹಿತೆ ಇದೆ. ಉದ್ಯಮಕ್ಕೊಂದು ಸಂಘ ಇರೋದರಲ್ಲಿ ತಪ್ಪೇನೂ ಇಲ್ಲ. ಆದರೆ ಬಿಲ್ಡರ್‌ಗಳ ಸಂಘ ಬಿಲ್ಡರ್‌ಗಳದ್ದೇ. ಅದನ್ನು ಗ್ರಾಹಕರ ಕಾವಲು ಅಂತ ಓದಿಕೊಂಡರೆ ತಪ್ಪು ನಮ್ಮ ಓದಿನದ್ದು.

ಬ್ರೋಷರ್ ಮೇಲೆ ನಿಜಕ್ಕೂ ಹುಡುಕಬೇಕಾದದ್ದು ರೇರಾ ನೋಂದಣಿ ಸಂಖ್ಯೆ. ರೇರಾ ಅಂದರೆ 2016ರ ರಿಯಲ್ ಎಸ್ಟೇಟ್ ಕಾಯ್ದೆ. ಅದು ಬಿಲ್ಡರ್ ಇಷ್ಟಪಟ್ಟು ಸೇರೋ ಕ್ಲಬ್ ಅಲ್ಲ, ಕಾನೂನು ಹಾಕಿರೋ ಕಡಿವಾಣ. ಕೊಂಡವರಿಂದ ಬಂದ ದುಡ್ಡಲ್ಲಿ ಶೇ 70ರಷ್ಟನ್ನು ಬೇರೆ ಖಾತೆಯಲ್ಲಿಟ್ಟು ಅದೇ ಪ್ರಾಜೆಕ್ಟ್‌ನ ಜಾಗಕ್ಕೆ, ಕಟ್ಟಡಕ್ಕೆ ಮಾತ್ರ ಬಳಸಬೇಕು. ಕರಾರು ಮಾಡಿಕೊಂಡು ನೋಂದಾಯಿಸೋ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ತೊಗೊಳ್ಳೋ ಹಾಗಿಲ್ಲ. ಮನೆ ಕೊಟ್ಟ 5 ವರ್ಷದೊಳಗೆ ರಚನೆಯಲ್ಲಿ ದೋಷ ಕಂಡು ತಿಳಿಸಿದರೆ 30 ದಿನದೊಳಗೆ ಬಿಲ್ಡರ್ ತನ್ನ ಖರ್ಚಲ್ಲೇ ಸರಿಮಾಡಬೇಕು. ಯಾವ ಲೋಗೋ ಇಷ್ಟು ಹೇಳತ್ತೆ?

ಗ್ರಾಹಕರದ್ದೇ ಆದ ಸಂಘಟನೆಗಳೂ ಇವೆ. ಮುಂಬೈ ಗ್ರಾಹಕ ಪಂಚಾಯತ್ 1975ರಿಂದ ಇದೆ. ಅಲ್ಲಿ ಸದಸ್ಯರು ಕೊಳ್ಳೋರು, ಮಾರೋರಲ್ಲ. ನೋಂದಾಯಿತ ಗ್ರಾಹಕ ಸಂಘ ಜನರ ಪರವಾಗಿ ತಾನೇ ದೂರು ಹಾಕಬಹುದು ಅಂತ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ಹೇಳತ್ತೆ. ಪಶ್ಚಿಮ ಬಂಗಾಳ ರೇರಾ ಬದಲು ತನ್ನದೇ ಕಾಯ್ದೆ ಮಾಡಿಕೊಂಡಾಗ ಅದನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಿದ್ದು ಮನೆ ಕೊಂಡವರ ಒಂದು ಸಂಘಟನೆ. 2021ರ ಮೇನಲ್ಲಿ ಕೋರ್ಟ್ ಆ ರಾಜ್ಯ ಕಾಯ್ದೆಯನ್ನು ರದ್ದು ಮಾಡಿತು. ಬಿಲ್ಡರ್ ಎಲ್ಲಿ ಸದಸ್ಯ ಅಂತ ಕೇಳೋದರ ಜೊತೆಗೆ, ನಾವು ಎಲ್ಲಿ ಸದಸ್ಯರು ಅಂತಾನೂ ಕೇಳಿಕೊಳ್ಳಬೇಕು.

ಒಂದು ಸಣ್ಣ ಲೆಕ್ಕ

ಈಗ ಕಲಂ ವಿಷಯ. ಆರ್ಬಿಟ್ರೇಷನ್ ಅಂದರೆ ನಮ್ಮೂರ ಪಂಚಾಯ್ತಿ ಕಟ್ಟೆಯ ಕಾನೂನುಬದ್ಧ ರೂಪ. ಇಬ್ಬರೂ ಒಪ್ಪಿದ ಮೂರನೆಯವರು ಕೂತು ಕೇಳಿ ತೀರ್ಪು ಕೊಡ್ತಾರೆ. ಆ ತೀರ್ಪಿಗೆ ಕೋರ್ಟ್ ಡಿಕ್ರಿಯಷ್ಟೇ ಬೆಲೆ. ಎರಡು ದೊಡ್ಡ ಕಂಪನಿಗಳ ನಡುವೆ ಇದು ಒಳ್ಳೆಯ ದಾರಿ. ಇಬ್ಬರಿಗೂ ವಕೀಲರಿದ್ದಾರೆ, ಇಬ್ಬರಿಗೂ ದುಡ್ಡಿದೆ, ಮಧ್ಯಸ್ಥಗಾರರನ್ನು ಇಬ್ಬರೂ ಚೌಕಾಸಿ ಮಾಡಿ ಆರಿಸ್ತಾರೆ.

ಫ್ಲ್ಯಾಟ್ ಕೊಂಡ ಮೇಷ್ಟ್ರಿಗೂ ಬಿಲ್ಡರ್ ಕಂಪನಿಗೂ ಮಧ್ಯೆ? ಲೆಕ್ಕ ಹಾಕೋಣ, ಅದು ನಮಗೆ ಬರತ್ತೆ. 60 ಲಕ್ಷ ಕೊಟ್ಟಿದ್ದೀವಿ, ತಡ ಮಾಡಿದ್ದಕ್ಕೆ 20 ಲಕ್ಷ ಪರಿಹಾರ ಕೇಳ್ತಿದ್ದೀವಿ ಅಂತಿಟ್ಟುಕೊಳ್ಳಿ. 1996ರ ಆರ್ಬಿಟ್ರೇಷನ್ ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿ ಮಾದರಿ ಶುಲ್ಕ ಇದೆ. 5 ಲಕ್ಷದವರೆಗೆ 45,000 ರೂಪಾಯಿ. ಅದರ ಮೇಲೆ 20 ಲಕ್ಷದವರೆಗಿನ ಮೊತ್ತಕ್ಕೆ ಶೇ 3.5. ಅಂದರೆ 15 ಲಕ್ಷಕ್ಕೆ 52,500. ಒಟ್ಟು 97,500. ಒಬ್ಬರೇ ಮಧ್ಯಸ್ಥಗಾರರಾದರೆ ಇದಕ್ಕೆ ಶೇ 25 ಸೇರತ್ತೆ. ಆಗ 1,21,875. ಅರ್ಧರ್ಧ ಹಂಚಿಕೊಂಡರೂ ನಮ್ಮ ಪಾಲು ಸುಮಾರು 61 ಸಾವಿರ. ವಕೀಲರ ಫೀಸು ಬೇರೆ.

ಅದೇ ದೂರನ್ನು ಗ್ರಾಹಕ ಆಯೋಗಕ್ಕೆ ಒಯ್ದರೆ? ಕೊಟ್ಟ ಬೆಲೆ 50 ಲಕ್ಷದಿಂದ 1 ಕೋಟಿ ನಡುವೆ ಇದ್ದರೆ ಶುಲ್ಕ 2,000 ರೂಪಾಯಿ. ವಕೀಲರಿಲ್ಲದೆ ನಾವೇ ನಿಂತು ಮಾತಾಡಬಹುದು. 61 ಸಾವಿರ ಬಿಲ್ಡರ್ ಕಂಪನಿಗೆ ಒಂದು ಹೋರ್ಡಿಂಗ್‌ನ ಖರ್ಚು. ಬಾಡಿಗೆ ಮತ್ತು ಇಎಂಐ ಎರಡನ್ನೂ ಕಟ್ಟೋ ಮನೆಗೆ ಅದು ಒಂದು ಸೆಮಿಸ್ಟರ್.

ದುಡ್ಡಿನ ಜೊತೆಗೆ ಇನ್ನೂ ಮೂರು ತೊಡಕು ಇವೆ. ಒಂದು, ಆ ತೀರ್ಪು ತಪ್ಪು ಅನ್ನಿಸಿದರೆ ಕೋರ್ಟ್‌ನಲ್ಲಿ ಪ್ರಶ್ನಿಸೋಕೆ ಕೆಲವೇ ಕಾರಣಗಳಿಗೆ ಅವಕಾಶ. ಎರಡು, ಕಲಾಪ ಗೌಪ್ಯ. 2019ರ ತಿದ್ದುಪಡಿ ಅದನ್ನು ಕಾನೂನೇ ಮಾಡಿದೆ. ನಮ್ಮ ಬ್ಲಾಕ್‌ನವರಿಗೆ ಏನಾಯ್ತು ಅನ್ನೋದು ಮುಂದಿನ ಪ್ರಾಜೆಕ್ಟ್‌ನಲ್ಲಿ ಬುಕ್ ಮಾಡೋರಿಗೆ ಗೊತ್ತಾಗಲ್ಲ. ಮೂರು, ಬಿಲ್ಡರ್ ಹತ್ತು ಸಲ ಬರೋ ಗಿರಾಕಿ. ನಾವು ಜೀವಮಾನದಲ್ಲಿ ಒಂದು ಸಲ ಬರೋರು.

ಹಳೇ ಕರಾರುಗಳಲ್ಲಿ ಇನ್ನೊಂದು ಸಾಲು ಇರ್ತಿತ್ತು: "ಕಂಪನಿ ನೇಮಿಸುವ ಏಕೈಕ ಮಧ್ಯಸ್ಥಗಾರರ ತೀರ್ಪೇ ಅಂತಿಮ." ವಿವಾದದ ಫಲಿತಾಂಶದಲ್ಲಿ ಆಸಕ್ತಿ ಇರೋರು ತಾವೇ ಒಬ್ಬರೇ ಮಧ್ಯಸ್ಥಗಾರರನ್ನು ನೇಮಿಸೋ ಹಾಗಿಲ್ಲ ಅಂತ 2019ರಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲೀತನಕ ಎಷ್ಟು ಜನ ಆ ಸಾಲಿನ ಕೆಳಗೆ ಸಹಿ ಹಾಕಿರಬಹುದು, ಯೋಚಿಸಿ.

ಟೆಕ್ಸಸ್‌ನ ಒಂದು ಪಾಯದ ಕಥೆ

ಹಾಗಾದರೆ ಆರ್ಬಿಟ್ರೇಷನ್ ಅಂದರೆ ಬಿಲ್ಡರ್ ಗೆಲ್ಲೋದು ಅಂತಾನಾ? ಅಷ್ಟು ಸುಲಭ ಇಲ್ಲ. ಇದಕ್ಕೆ ಟೆಕ್ಸಸ್ ರಾಜ್ಯದ ಒಂದು ಪ್ರಕರಣ ನೋಡಬೇಕು.

1996ರಲ್ಲಿ ಅಲ್ಲಿನ ಒಂದು ದಂಪತಿ ಪೆರಿ ಹೋಮ್ಸ್ ಅನ್ನೋ ಬಿಲ್ಡರ್‌ನಿಂದ 2,33,730 ಡಾಲರ್‌ಗೆ ಮನೆ ಕೊಂಡರು. ಕೆಲವೇ ವರ್ಷಕ್ಕೆ ಪಾಯದ ತೊಂದರೆ ಶುರುವಾಯ್ತು. ಕರಾರಿನಲ್ಲಿ ಆರ್ಬಿಟ್ರೇಷನ್ ಕಲಂ ಇತ್ತು. ದಂಪತಿ 2000ದಲ್ಲಿ ಕೋರ್ಟಿಗೆ ಹೋದರು, ಮೊದಮೊದಲು ಆರ್ಬಿಟ್ರೇಷನ್ ಬೇಡ ಅಂದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಕೋರ್ಟಲ್ಲಿ ನಡೆದಮೇಲೆ, ವಿಚಾರಣೆ ಹತ್ತಿರ ಬಂದಾಗ, ಆರ್ಬಿಟ್ರೇಷನ್ನೇ ಆಗಲಿ ಅಂದರು. ಈಗ ಬೇಡ ಅಂದದ್ದು ಬಿಲ್ಡರ್ ಕಡೆಯವರು! ಕೊನೆಗೆ ಆರ್ಬಿಟ್ರೇಷನ್ ನಡೆದು ದಂಪತಿಗೆ 8 ಲಕ್ಷ ಡಾಲರ್ ತೀರ್ಪು ಬಂತು. ಬಿಲ್ಡರ್ ಅದನ್ನು ಪ್ರಶ್ನಿಸಿದರು. 2008ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟ್ 5–4 ಬಹುಮತದಲ್ಲಿ ಆ ತೀರ್ಪನ್ನು ರದ್ದು ಮಾಡಿತು. ಅಷ್ಟು ಕಾಲ ಕೋರ್ಟಲ್ಲಿ ನಡೆಸಿದಮೇಲೆ ಆರ್ಬಿಟ್ರೇಷನ್ ಕೇಳೋ ಹಕ್ಕನ್ನು ದಂಪತಿ ಬಿಟ್ಟುಕೊಟ್ಟ ಹಾಗಾಯ್ತು ಅಂತ ಕಾರಣ. ಕೇಸು ಮತ್ತೆ ಕೆಳಗಿನ ಕೋರ್ಟಿಗೆ ಬಂತು. 2010ರಲ್ಲಿ ಜ್ಯೂರಿ ಮುಂದೆ ದಂಪತಿ ಮತ್ತೆ ಗೆದ್ದರು. ಅಷ್ಟೊತ್ತಿಗೆ ಮನೆ ಕೊಂಡು 14 ವರ್ಷ ಆಗಿತ್ತು.

ಈ ಕಥೆಯಲ್ಲಿ ಯಾರ ಪರ ನಿಲ್ಲಬೇಕು ಅಂತ ನಾವೂ ಜಗಳ ಆಡಿದ್ವಿ. ಕೋರ್ಟ್ ಹೇಳಿದ್ದರಲ್ಲಿ ತರ್ಕ ಇದೆ. ಬೇಕಾದಾಗ ಆ ಕಡೆ, ಬೇಡವಾದಾಗ ಈ ಕಡೆ ಹಾರೋ ಹಾಗಿರಬಾರದು. ಆದರೆ ಒಂದು ವಿಷಯ ಗಮನಿಸಿ. ಆರ್ಬಿಟ್ರೇಷನ್‌ನಲ್ಲಿ ಗ್ರಾಹಕರೂ ಗೆಲ್ಲಬಹುದು. ಆರ್ಬಿಟ್ರೇಷನ್ ಕಲಂ ಇದ್ದ ಕರಾರಿನ ಬಿಲ್ಡರ್ ಕಡೆಯವರೇ ಅದನ್ನು ಬೇಡ ಅನ್ನಬಹುದು. ಎರಡೂ ಕಡೆಯವರು ಹಗ್ಗ ಎಳೆದಾಡಿದ್ದು ಜಾಗಕ್ಕಾಗಿ, ಪಾಯಕ್ಕಾಗಿ ಅಲ್ಲ. ಎಂಟು ವರ್ಷ "ಎಲ್ಲಿ ಕೇಳಬೇಕು" ಅನ್ನೋದರಲ್ಲೇ ಹೋಯ್ತು.

ಅದೇ ರಾಜ್ಯ 2003ರಲ್ಲಿ ಮನೆ ನಿರ್ಮಾಣದ ವಿವಾದಕ್ಕೆ ಅಂತಲೇ ಒಂದು ಸರ್ಕಾರಿ ಆಯೋಗ ಮಾಡಿತ್ತು. ಕೋರ್ಟಿಗೆ ಹೋಗೋ ಮೊದಲು ಅದರ ತಪಾಸಣೆ ದಾಟಿ ಹೋಗಬೇಕಿತ್ತು. ಅದು ಬಿಲ್ಡರ್‌ಗಳನ್ನೇ ಕಾಯುತ್ತೆ ಅನ್ನೋ ಟೀಕೆ ಜೋರಾಗಿ, 2009ರಲ್ಲಿ ಶಾಸನಸಭೆ ಅದನ್ನು ಮುಂದುವರಿಸಲಿಲ್ಲ. ಸರ್ಕಾರಿ ಬೋರ್ಡ್ ಹಾಕಿದ ಮಾತ್ರಕ್ಕೆ ಕಾವಲು ಆಗಲ್ಲ ಅನ್ನೋದಕ್ಕೆ ಇದೂ ಒಂದು ಸಾಕ್ಷಿ.

ನಮ್ಮ ಕಾನೂನು ಹೇಳೋದೇನು

ಇಲ್ಲಿ ನಮ್ಮ ದೇಶದ ದಾರಿ ಬೇರೆ. ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಬಹುದು. ಮನೆ ಕಟ್ಟಿಕೊಡೋದು ಗ್ರಾಹಕ ಕಾಯ್ದೆಯ ಪ್ರಕಾರ "ಸೇವೆ" ಅಂತ ಲಖನೌ ಡೆವಲಪ್‌ಮೆಂಟ್ ಅಥಾರಿಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿತ್ತು. ಹಾಗಾಗಿ ಮನೆ ಕೊಂಡವರು ಗ್ರಾಹಕರು.

2015ರಲ್ಲಿ ಆರ್ಬಿಟ್ರೇಷನ್ ಕಾಯ್ದೆಗೆ ತಿದ್ದುಪಡಿ ಬಂತು. ಕರಾರಿನಲ್ಲಿ ಕಲಂ ಇದ್ದರೆ ಕೋರ್ಟ್ ಕೇಸನ್ನು ಆರ್ಬಿಟ್ರೇಷನ್‌ಗೆ ಕಳಿಸಲೇಬೇಕು ಅನ್ನೋ ಅಂಶ ಬಿಗಿಯಾಯ್ತು. ಬಿಲ್ಡರ್‌ಗಳು ಇದನ್ನು ಹಿಡಿದು, ಗ್ರಾಹಕ ಆಯೋಗಕ್ಕೂ ಈಗ ಕೇಳೋ ಅಧಿಕಾರ ಇಲ್ಲ ಅಂತ ವಾದಿಸಿದರು. ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ 2017ರಲ್ಲಿ ಆ ವಾದವನ್ನು ತಳ್ಳಿಹಾಕಿತು. 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಗ್ರಾಹಕ ಕಾಯ್ದೆ ಕೊಡೋ ಪರಿಹಾರ ಬೇರೆ ಪರಿಹಾರಗಳ ಜೊತೆಗೆ ಸಿಗೋ ವಿಶೇಷ ಪರಿಹಾರ, ಆರ್ಬಿಟ್ರೇಷನ್ ಕಲಂ ಅದನ್ನು ಕಿತ್ತುಕೊಳ್ಳಲ್ಲ ಅಂತ. ಜೊತೆಗೆ ಇನ್ನೊಂದು ಮಾತೂ ಹೇಳಿತು. ಆ ವಿಶೇಷ ದಾರಿ ಬೇಡ, ಆರ್ಬಿಟ್ರೇಷನ್ನೇ ಇರಲಿ ಅಂದರೆ ಅದಕ್ಕೂ ಅಡ್ಡಿ ಇಲ್ಲ. ನಾವು ಕೇಳ್ತಿರೋ ಆಯ್ಕೆ ಇದೇ.

2019ರ ಪಯೊನೀರ್ ಅರ್ಬನ್ ತೀರ್ಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಆ ಕರಾರಿನಲ್ಲಿ ಕೊಂಡವರು ಕಂತು ತಡ ಮಾಡಿದರೆ ಶೇ 18 ಬಡ್ಡಿ. ಬಿಲ್ಡರ್ ದುಡ್ಡು ವಾಪಸ್ ಕೊಡೋದು ತಡವಾದರೆ ಶೇ 9. ಅದೂ ತಿಂಗಳುಗಟ್ಟಲೆ ಕಾದು, ನೋಟಿಸ್ ಕೊಟ್ಟಮೇಲೆ. ಚುಕ್ಕೆ ಗೆರೆ ಮೇಲೆ ಸಹಿ ಹಾಕದೆ ಬೇರೆ ದಾರಿಯೇ ಇಲ್ಲದವರ ಮೇಲೆ ಹೇರಿದ ಇಂಥ ಏಕಪಕ್ಷೀಯ ಕರಾರು ಅನುಚಿತ ವ್ಯಾಪಾರ ಪದ್ಧತಿ ಅಂತ ಕೋರ್ಟ್ ಹೇಳಿತು. 2020ರ ಇಂಪೀರಿಯಾ ತೀರ್ಪು, ರೇರಾ ಬಂತು ಅಂತ ಗ್ರಾಹಕ ಆಯೋಗದ ಬಾಗಿಲು ಮುಚ್ಚಿಲ್ಲ, ಯಾವುದು ಬೇಕೋ ಕೊಂಡವರೇ ಆರಿಸಿಕೊಳ್ಳಲಿ ಅಂತು.

ಬಾಗಿಲಿದೆ, ಕ್ಯೂ ಉದ್ದ ಇದೆ

ನಮ್ಮ ವಾದಕ್ಕೆ ಬರೋ ದೊಡ್ಡ ಆಕ್ಷೇಪ ಇಲ್ಲೇ ಇದೆ. ಗ್ರಾಹಕ ಆಯೋಗದಲ್ಲಿ ದೂರು ಮೂರು ತಿಂಗಳಲ್ಲಿ, ರೇರಾದಲ್ಲಿ 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾನೂನು ಹೇಳತ್ತೆ. ಹಾಗೆ ಮುಗಿಯೋದು ಕಮ್ಮಿ. ರೇರಾ ಆದೇಶ ಬಂದರೂ ಬಿಲ್ಡರ್ ದುಡ್ಡು ಕಟ್ಟದಿದ್ದರೆ ಅದನ್ನು ಭೂಕಂದಾಯ ಬಾಕಿ ಥರ ಕಂದಾಯ ಅಧಿಕಾರಿಗಳು ವಸೂಲಿ ಮಾಡಬೇಕು. ಆದೇಶ ಕೈಗೆ ಬಂತು, ದುಡ್ಡು ಬರಲಿಲ್ಲ ಅನ್ನೋದು ಕರ್ನಾಟಕದಲ್ಲೂ ಕೊಂಡವರ ದೊಡ್ಡ ಗೋಳು. ಹೀಗಿರೋವಾಗ ಬೇಗ ಮುಗಿಯೋ ಆರ್ಬಿಟ್ರೇಷನ್ ವಾಸಿ ಅಲ್ವಾ ಅಂತ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ.

ನಮ್ಮ ಉತ್ತರ: ಬೇಗ ಮುಗಿಯೋದು ಬೇಕು, ಆದರೆ ಜಗಳ ಬಂದಮೇಲೆ ಒಪ್ಪಿ ಹೋಗೋ ಹಾಗಿರಬೇಕು, ಬುಕಿಂಗ್ ದಿನವೇ ಬರೆಸಿಕೊಂಡಿರಬಾರದು. ಇದು ಕನಸಲ್ಲ. ಗ್ರಾಹಕ ಸಂಘಗಳು ಮತ್ತು ಬಿಲ್ಡರ್ ಸಂಘಗಳ ವೇದಿಕೆಗಳ ಮೂಲಕ ರಾಜಿ ಮಾಡಿಸೋಕೆ ಕ್ರಮ ಕೈಗೊಳ್ಳಬಹುದು ಅಂತ ರೇರಾ ಕಾಯ್ದೆಯ 32ನೇ ಕಲಂನಲ್ಲೇ ಇದೆ. ಮಹಾರಾಷ್ಟ್ರದ ರೇರಾ 2018ರಲ್ಲಿ ಅದನ್ನು ಮಾಡಿ ತೋರಿಸಿತು. ಅಲ್ಲಿನ ರಾಜಿ ಪೀಠದಲ್ಲಿ ಇಬ್ಬರು ಕೂರ್ತಾರೆ. ಒಬ್ಬರು ಮುಂಬೈ ಗ್ರಾಹಕ ಪಂಚಾಯತ್‌ನಂಥ ಗ್ರಾಹಕ ಸಂಘಟನೆಯವರು, ಇನ್ನೊಬ್ಬರು ಬಿಲ್ಡರ್ ಸಂಘದವರು. ಇಬ್ಬರೂ ಒಪ್ಪಿದರೆ ಮಾತ್ರ ಅಲ್ಲಿಗೆ. ರಾಜಿ ಆದರೆ ಸಹಿ, ಆಗದಿದ್ದರೆ ರೇರಾ ಬಾಗಿಲು ಮೊದಲಿನ ಹಾಗೇ ತೆರೆದಿರತ್ತೆ.

ಇದರಲ್ಲಿ ಬಿಲ್ಡರ್ ಸಂಘದ ಸದಸ್ಯತ್ವಕ್ಕೂ ಒಂದು ಅರ್ಥ ಬರತ್ತೆ. ತನ್ನ ಸದಸ್ಯನಿಗೆ "ಇದು ನಿನ್ನದೇ ತಪ್ಪು, ಕೊಡು" ಅಂತ ಹೇಳೋ ಸಂಘದವರು ಒಬ್ಬರು ಎದುರಿಗೆ ಕೂತಿದ್ದರೆ, ಆ ಲೋಗೋಗೆ ಬೆಲೆ ಇದೆ. ಪಕ್ಕದಲ್ಲಿ ಗ್ರಾಹಕರ ಪರ ಒಬ್ಬರು ಕೂತಿರಬೇಕು, ಅಷ್ಟೇ. ಇಂಥ ವೇದಿಕೆ ಪ್ರತಿ ರಾಜ್ಯದಲ್ಲೂ ಗಟ್ಟಿಯಾಗಿರಬೇಕು. ವಸೂಲಿಗೆ ಬೇರೆಯೇ ಸಿಬ್ಬಂದಿ ಬೇಕು.

ನಮ್ಮ ಪಾಲಿನ ಕೆಲಸ

ಕನ್ನಡ ಸಂಘದ ಪತ್ರಿಕೆಯಲ್ಲಿ ಇದನ್ನು ಬರೆಯೋಕೆ ಒಂದು ಕಾರಣ ಇದೆ. ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಮೀಡಿಯಂ. ಕರಾರು ಪತ್ರದಲ್ಲಿರೋ "ಸೋಲ್ ಆರ್ಬಿಟ್ರೇಟರ್" ಅನ್ನೋದನ್ನು ನಾವು ಸರಾಗ ಓದ್ತೀವಿ, ಅರ್ಥ ಮಾತ್ರ ಆಗಲ್ಲ. ಮನೇಲಿ ದೊಡ್ಡವರಿಗೆ ಪಂಚಾಯ್ತಿ ಅಂದರೆ ಏನು ಅಂತ ಚೆನ್ನಾಗಿ ಅರ್ಥ ಆಗತ್ತೆ, ಆದರೆ ಕಾಗದದಲ್ಲಿ ಆ ಪದ ಇಲ್ಲ. "ಅಪ್ಪಾ, ಜಗಳ ಬಂದರೆ ಅವರು ಗೊತ್ತುಮಾಡಿದ ಒಬ್ಬ ಯಜಮಾನರು ಹೇಳಿದ್ದೇ ಕೊನೆ ಅಂತ ಬರೆದಿದೆ, ಒಪ್ಪಿಗೇನಾ?" ಅಂತ ಕನ್ನಡದಲ್ಲಿ ಕೇಳಿ ನೋಡಿ. ಯಾವ ಅಪ್ಪನೂ ಹೂಂ ಅನ್ನಲ್ಲ. ಕರ್ನಾಟಕದಲ್ಲಿ ಮಾರೋ ಮನೆಯ ಕರಾರಿನ ವಿವಾದದ ಪುಟ ಕನ್ನಡದಲ್ಲೂ ಇರಲೇಬೇಕು ಅಂತ ನಾವು ಕೇಳೋದು ಭಾಷಾಭಿಮಾನಕ್ಕೆ ಮಾತ್ರ ಅಲ್ಲ.

ಅಲ್ಲೀತನಕ ಆ ಕೆಲಸ ನಮ್ಮದು. ಮನೇಲಿ ಯಾರಾದರೂ ಫ್ಲ್ಯಾಟ್ ನೋಡ್ತಿದ್ದರೆ ಕರಾರಿನ ಡ್ರಾಫ್ಟನ್ನು ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳಿ. ರೇರಾ ಸಂಖ್ಯೆಯನ್ನು ಕರ್ನಾಟಕ ರೇರಾ ಪೋರ್ಟಲ್‌ನಲ್ಲಿ ಹಾಕಿ ನೋಡಿ. ತಡವಾದರೆ ಎರಡೂ ಕಡೆಗೆ ಬಡ್ಡಿ ಎಷ್ಟೆಷ್ಟು ಅಂತ ಪಕ್ಕಪಕ್ಕ ಬರೆದುಕೊಳ್ಳಿ. ವಿವಾದದ ಕಲಂನಲ್ಲಿ ಯಾರು ನೇಮಿಸ್ತಾರೆ, ಯಾವ ಊರಲ್ಲಿ, ಖರ್ಚು ಯಾರದ್ದು ಅಂತ ಹುಡುಕಿ ಕನ್ನಡದಲ್ಲಿ ಹೇಳಿ. ಈಗಾಗಲೇ ಸಹಿ ಆಗಿದ್ದು, "ಆರ್ಬಿಟ್ರೇಷನ್ ಕಲಂ ಇದೆ, ನೀವು ಬೇರೆಲ್ಲೂ ಹೋಗೋ ಹಾಗಿಲ್ಲ" ಅಂತ ಆಫೀಸ್‌ನಲ್ಲಿ ಯಾರಾದರೂ ಹೆದರಿಸಿದರೆ, 2018ರ ಎಮ್ಮಾರ್ ತೀರ್ಪಿನ ಹೆಸರು ಹೇಳಿ.

ಸಿವಿಲ್ ಬ್ರಾಂಚ್‌ನವರಿಗೆ ಒಂದು ಮಾತು ಹೆಚ್ಚು. ಟೆಕ್ಸಸ್‌ನ ಜಗಳ ಶುರುವಾಗಿದ್ದು ಪಾಯದಿಂದ. ಇಲ್ಲಿ ಬಿರುಕು, ಸೋರಿಕೆ, ಕುಸಿತದಿಂದ ಶುರುವಾಗತ್ತೆ. ಅದು ಮೇಲಿನ ಪ್ಲಾಸ್ಟರ್ ಬಿರುಕೋ, ರಚನೆಯ ದೋಷವೋ ಅಂತ ಕೊನೆಗೆ ಬರೆದುಕೊಡೋದು ಒಬ್ಬ ಎಂಜಿನಿಯರ್. ಯಾವ ಕಟ್ಟೆ ಮೇಲೆ ಪಂಚಾಯ್ತಿ ಆದರೂ, ಆಯೋಗವೋ ರೇರಾವೋ ಮಧ್ಯಸ್ಥಗಾರರೋ, ಅವರ ಮುಂದೆ ಇರೋದು ಆ ರಿಪೋರ್ಟ್. ಇನ್ನು ಕೆಲವು ವರ್ಷಕ್ಕೆ ಅದರ ಕೆಳಗೆ ನಿಮ್ಮ ಸಹಿ ಇರತ್ತೆ. ಫೀಸು ಕೊಟ್ಟವರು ಯಾರೇ ಆಗಲಿ, ಕಂಡದ್ದನ್ನೇ ಬರೀರಿ.